ಹನ್ನೊಂದನೇ ಸಾಲು

ಆ ಲಾಂಡ್ರಿಯಲ್ಲಿ ಎಲ್ಲರೂ ಆಕೆಯನ್ನು ಕರೆಯುತ್ತಿದ್ದದ್ದು ಪುರಾಣದಕ್ಕ ಎಂದು. ಹೆಸರಿಟ್ಟವರು ಹೆಡ್ ಕ್ಲರ್ಕು. ಬೆಳಗಿನ ಪಾಳಿ ಮುಗಿದು ಮಧ್ಯಾಹ್ನದವರಿಗೆ ಯಂತ್ರ ಒಪ್ಪಿಸುವಾಗ ಪಾಳಿ ಪುಸ್ತಕದಲ್ಲಿ ನಾಲ್ಕು ಮಾತು ಬರೆದಿಡಬೇಕೆಂಬುದು ಅಲ್ಲಿಯ ನಿಯಮ. ಉಳಿದವರು "ಎಲ್ಲ ಸರಿ" ಎಂದು ಗೀಚಿ, ಕೈ ತೊಳೆದು, ಬಸ್ಸಿಗೆ ಓಡುತ್ತಿದ್ದರು. ಈಕೆ ಮಾತ್ರ ಸ್ಟೂಲು ಎಳೆದುಕೊಂಡು ಕೂತು ಅರ್ಧ ಪುಟ, ಒಮ್ಮೊಮ್ಮೆ ಇಡೀ ಪುಟ ಬರೆಯುತ್ತಿದ್ದಳು. ರೋಲರಿನ ಯಾವ ಮೂಲೆ ಹೆಚ್ಚು ಬಿಸಿ, ಯಾವ ಬೆಲ್ಟು ಸವೆದಿದೆ, ಯಾವ ಆಸ್ಪತ್ರೆಯ ಚಾದರದಲ್ಲಿ ಸೇಫ್ಟಿ ಪಿನ್ನು ಸಿಕ್ಕಿತು, ಯಾವ ಹೋಟೆಲಿನವರು ದಿಂಬಿನ ಚೀಲದೊಳಗೆ ಬಾಚಣಿಗೆ ಬಿಟ್ಟು ಕಳಿಸಿದ್ದಾರೆ, ಎಲ್ಲ.

"ನಿನ್ನ ಪುರಾಣ ಓದೋಕೆ ಇನ್ನೊಬ್ಬನ್ನ ಕೆಲಸಕ್ಕೆ ಇಟ್ಕೋಬೇಕು ಕಣಮ್ಮ," ಎಂದು ಹೆಡ್ ಕ್ಲರ್ಕು ಒಮ್ಮೆ ಎಲ್ಲರೆದುರು ಅಂದರು. ಎಲ್ಲರೂ ನಕ್ಕರು. ಆಕೆಯೂ ನಕ್ಕಳು. ಹೆಸರು ಅಂಟಿಕೊಂಡಿತು.

ಹೀಗೆ ಹದಿನೇಳು ವರ್ಷ. ಇಷ್ಟು ವರ್ಷದಲ್ಲಿ ತಾನು ಮಾಡುತ್ತಿರುವುದು ಬರವಣಿಗೆ ಎಂದು ಆಕೆಗೆ ಒಂದು ದಿನವೂ ಅನ್ನಿಸಿರಲಿಲ್ಲ. ಬರವಣಿಗೆ ಎಂದರೆ ಅಚ್ಚಾಗುವುದು, ಕನ್ನಡಕ ಹಾಕಿಕೊಂಡವರು ಮಾಡುವುದು. ಹಾಗೆ ಅನ್ನಿಸುವಂತೆ ನೋಡಿಕೊಳ್ಳುವವರು ಎಲ್ಲ ಊರಿನಲ್ಲೂ ಇರುತ್ತಾರೆ. ಅವರಿಗೆ ಅದರಿಂದ ಅನುಕೂಲವೂ ಇದೆ.

ಆಕೆಯ ಯಂತ್ರ ರೋಲರು. ಒಗೆದ ಚಾದರಗಳು ಅಲ್ಲಿಗೆ ಒದ್ದೆಯಾಗಿ ಬರುತ್ತವೆ. ಇಬ್ಬರು ಹೆಂಗಸರು ಎಡಕ್ಕೊಬ್ಬರು ಬಲಕ್ಕೊಬ್ಬರು ನಿಂತು, ಚಾದರದ ಎರಡು ಮೂಲೆ ಹಿಡಿದು, ಓಡುವ ಬೆಲ್ಟಿನ ಮೇಲೆ ಇಡುತ್ತಾರೆ. ಬೆಲ್ಟು ಅದನ್ನು ಬಿಸಿ ರೋಲರಿನ ಬಾಯಿಗೆ ಒಯ್ಯುತ್ತದೆ. ಆಚೆ ಬದಿಯಿಂದ ಚಾದರ ಇಸ್ತ್ರಿಯಾಗಿ ಹೊರಗೆ ಬರುತ್ತದೆ. ರೋಲರಿನ ಬಾಯಿಯ ಮುಂದೆ ಕೆಂಪು ಬಣ್ಣದ ಕಬ್ಬಿಣದ ಪಟ್ಟಿ. ಕೈ ತಾಗಿದರೆ ಯಂತ್ರ ನಿಲ್ಲಬೇಕು.

ಮೂರು ವಾರದ ಹಿಂದೆ, ಮಧ್ಯಾಹ್ನದ ಪಾಳಿಯಲ್ಲಿ, ಅದು ತಕ್ಷಣ ನಿಲ್ಲಲಿಲ್ಲ. ಬಲಗಡೆ ನಿಂತಿದ್ದವಳು ಕೆಲಸಕ್ಕೆ ಸೇರಿ ಎರಡೇ ತಿಂಗಳಾಗಿದ್ದ ಸಣ್ಣ ಮೈಕಟ್ಟಿನ ಹುಡುಗಿ. ಎಲ್ಲರೂ ಗುಬ್ಬಿ ಎನ್ನುತ್ತಿದ್ದರು. ಚಾದರದ ಜೊತೆ ಅವಳ ಬಲಗೈಯ ನಾಲ್ಕು ಬೆರಳೂ ಒಳಗೆ ಹೋಗಿ ಸುಟ್ಟವು. ಈಗ ಅವಳು ಬ್ಯಾಂಡೇಜು ಕಟ್ಟಿದ ಕೈಯನ್ನು ಮಡಿಲಲ್ಲಿಟ್ಟುಕೊಂಡು, ಇನ್ನೊಂದು ಕೈಯಲ್ಲಿ ದಿಂಬಿನ ಚೀಲ ಎಣಿಸುತ್ತ ಕೂತಿರುತ್ತಾಳೆ. ಹೆಡ್ ಕ್ಲರ್ಕು ವರದಿ ಬರೆದರು: ನೌಕರಳ ಅಜಾಗರೂಕತೆ. ಎರಡೇ ಪದ. ಅವರ ಬರವಣಿಗೆ ಯಾವಾಗಲೂ ಚುಟುಕು.

ತನಿಖೆಗೆ ಬಂದ ಕಾರ್ಖಾನೆ ಇಲಾಖೆಯ ಇನ್ಸ್‌ಪೆಕ್ಟರು ಮಾತ್ರ ವರದಿ ಬಿಟ್ಟು ಗೋಡೆ ನೋಡಿದರು. ರೋಲರಿನ ಪಕ್ಕದಲ್ಲಿ ಹೆಡ್ ಕ್ಲರ್ಕು ಬರೆಸಿದ್ದ ಬೋರ್ಡಿತ್ತು: "ಯಂತ್ರ ಚಾಲನೆಯ ಪೂರ್ವದಲ್ಲಿ ನಿಗದಿತ ಸುರಕ್ಷತಾ ಕ್ರಮಗಳ ಪರಿಪಾಲನೆಯನ್ನು ಸಂಬಂಧಪಟ್ಟ ನೌಕರರು ಖಾತ್ರಿಪಡಿಸಿಕೊಳ್ಳತಕ್ಕದ್ದು." ಇನ್ಸ್‌ಪೆಕ್ಟರು ಐದು ಜನರನ್ನು ಕರೆದು ಇದರ ಅರ್ಥ ಏನು ಎಂದು ಕೇಳಿದರು. ನಾಲ್ವರು ನೆಲ ನೋಡಿದರು. ಐದನೆಯವನು, "ಈ ಜಾಗದ ಬಾಡಿಗೆ ಕರಾರು ಅಂದ್ಕೊಂಡಿದ್ದೆ ಸಾರ್," ಅಂದ.

ಹದಿನೈದು ದಿನದೊಳಗೆ ಕೆಲಸದವರಿಗೆ ಅರ್ಥವಾಗುವ ಹಾಗೆ ಹೊಸ ಸೂಚನೆ ಬರೆಸಿ, ಇಲ್ಲದಿದ್ದರೆ ರೋಲರಿಗೆ ಬೀಗ ಹಾಕುತ್ತೇನೆ ಎಂದು ಹೇಳಿ ಇನ್ಸ್‌ಪೆಕ್ಟರು ಹೋದರು. ಸೋಮವಾರ ನೋಟೀಸು ಬೋರ್ಡಿನಲ್ಲಿ ಚೀಟಿ ಬಿತ್ತು. ಸೂಚನೆ ಬರೆಯಲು ಇಷ್ಟವಿರುವ ನೌಕರರು ಶುಕ್ರವಾರ ಸಂಜೆ ಐದರೊಳಗೆ ಅರ್ಜಿ ಕೊಡಬಹುದು. ಕೆಳಗೆ ದಪ್ಪ ಅಕ್ಷರದಲ್ಲಿ: ಬರವಣಿಗೆಯ ಅನುಭವ ಅಗತ್ಯ.

ಆ ಕೊನೆಯ ಸಾಲು ಯಾರ ಕೈಚಳಕ ಎಂದು ಎಲ್ಲರಿಗೂ ಗೊತ್ತಿತ್ತು. ಆದರೂ ಪುರಾಣದಕ್ಕ ಒಂದು ಅರ್ಜಿ ಫಾರಂ ಎತ್ತಿಕೊಂಡು ಬಂದಳು. ಯಾಕೆ ಎಂದು ಕೇಳಿದ್ದರೆ ಹೇಳಲು ಬರುತ್ತಿರಲಿಲ್ಲ. ಗುಬ್ಬಿಯ ಕೈ ನೋಡಿದಾಗಲೆಲ್ಲ ಆ ಬೋರ್ಡನ್ನು ಕಿತ್ತು ಒಲೆಗೆ ಹಾಕಬೇಕೆನ್ನಿಸುತ್ತಿತ್ತು, ಅಷ್ಟೇ.

ಮನೆಯಲ್ಲಿ ಅಡುಗೆಕೋಣೆಯ ಮೇಜಿನ ಮೇಲೆ ಫಾರಂ ಹರಡಿ ಒಂದೊಂದೇ ಚೌಕ ತುಂಬಿಸಿದಳು. ಎದುರಿಗೆ ಅತ್ತೆ ಬಟಾಣಿ ಸುಲಿಯುತ್ತಿದ್ದರು. ಬರವಣಿಗೆಯ ಅನುಭವ ಎಂಬ ಚೌಕ ಬಂತು. ಆಕೆ ಪೆನ್ನು ಕಚ್ಚಿ ಯೋಚಿಸಿ, "ಇಲ್ಲ" ಎಂದು ಬರೆದಳು.

ಅತ್ತೆ ಕತ್ತು ಚಾಚಿ ತಲೆಕೆಳಗಾಗಿಯೇ ಓದಿದರು. ಕಣ್ಣು ಇನ್ನೂ ಚುರುಕು.

"ಇಲ್ಲ ಅಂತ ಬರ್ದಿದ್ದೀಯಲ್ಲ, ಅದನ್ನ ಬರ್ದೋರು ಯಾರು? ಪಕ್ಕದ ಮನೆಯೋಳಾ?"

"ಅದಲ್ಲ ಅತ್ತೆ. ಇವ್ರು ಕೇಳ್ತಿರೋದು ನಿಜವಾದ ಬರವಣಿಗೆ."

"ಸುಳ್ಳು ಬರವಣಿಗೆ ಅಂತ ಬೇರೆ ಇದ್ಯಾ?" ಅತ್ತೆ ಬಟಾಣಿಯ ತಟ್ಟೆ ಬದಿಗಿಟ್ಟು ಎದ್ದರು. ಗೋಡೆಯ ಕಪಾಟಿನಿಂದ ಒಂದೊಂದೇ ಡಬ್ಬಿ ಇಳಿಸತೊಡಗಿದರು. ಸಕ್ಕರೆ, ಉಪ್ಪು, ಚಹಾಪುಡಿ. ಡಬ್ಬಿಗಳ ಕೆಳಗೆ ಹಾಸಿದ್ದ ಕಾಗದವನ್ನು ಎಳೆದು ಮೇಜಿನ ಮೇಲೆ ಎಸೆದರು. ಹಳೆಯ ಕ್ಯಾಲೆಂಡರಿನ ಹಾಳೆಗಳು, ಬಿಳಿ ಬದಿ ಮೇಲೆ. ಬಿಳಿ ಬದಿಯ ತುಂಬ ಆಕೆಯ ಅಕ್ಷರ.

ಆಕೆಯ ಗಂಡ ಗೋದಾಮಿನ ಕಾವಲುಗಾರ. ಆಕೆ ಬರುವ ಹೊತ್ತಿಗೆ ಅವನು ಹೊರಟಿರುತ್ತಾನೆ, ಅವನು ಬರುವ ಹೊತ್ತಿಗೆ ಆಕೆ ಮಲಗಿರುತ್ತಾಳೆ. ಮದುವೆಯಾದಂದಿನಿಂದ ಅವರು ಬಾಯಲ್ಲಿ ಆಡಿದ್ದಕ್ಕಿಂತ ಕ್ಯಾಲೆಂಡರಿನ ಬೆನ್ನ ಮೇಲೆ ಆಡಿದ್ದೇ ಹೆಚ್ಚು. ಜಗಳವನ್ನೂ ಅದರಲ್ಲೇ ಆಡಿದ್ದಾರೆ.

"ಓದು ಇದನ್ನ," ಅತ್ತೆ ಒಂದು ಹಾಳೆ ಮುಂದೆ ತಳ್ಳಿದರು.

ಆಕೆ ಓದಿದಳು: "ಅತ್ತೆಯ ಮಾತ್ರೆ ಎರಡೇ ಉಳಿದಿವೆ. ಔಷಧಿ ಚೀಟಿ ನಿಮ್ಮ ನೀಲಿ ಅಂಗಿಯ ಜೇಬಿನಲ್ಲಿದೆ. ನೀವು ಮರೆಯುತ್ತೀರಿ ಎಂದು ಅಂಗಿಯನ್ನು ಬಾಗಿಲ ಚಿಲಕಕ್ಕೆ ನೇತುಹಾಕಿದ್ದೇನೆ. ಅದನ್ನು ಸರಿಸದೆ ನಿಮಗೆ ಹೊರಗೆ ಹೋಗಲು ಆಗುವುದಿಲ್ಲ."

"ನನ್ನ ಮಗ ಹುಟ್ಟಿದಾಗಿಂದ ಯಾರ ಮಾತೂ ಕೇಳಿದೋನಲ್ಲ," ಅತ್ತೆ ಅಂದರು. "ಅವರಪ್ಪ ಬೆಲ್ಟು ಬಿಚ್ಚಿದ್ರೂ ಕೇಳ್ಲಿಲ್ಲ. ಈ ಚೀಟಿ ಮಾತು ಕೇಳಿ ಮಾತ್ರೆ ತಂದ. ಮತ್ತೆ ಆ ನೀರಿನ ಪಂಪಿನ ಕಾಗದ? ಮನೆ ಮಾಲೀಕನಿಗೆ ಆರು ತಿಂಗಳು ಆರು ಮನೆಯೋರು ಬಾಯಿ ಬಡ್ಕೊಂಡ್ರು. ನೀನು ಒಂದು ಕಾಗದ ಬರೆದೆ, ನಾಲ್ಕನೇ ದಿನ ಪಂಪು ಬಂತು. ಈಗ ಆ ಮೇಲಿನ ಮನೆಯೋಳು ಮಗಳ ಶಾಲೆಗೆ ರಜಾ ಚೀಟಿ ಬರೆಸೋಕೂ ನಿನ್ನ ಹತ್ರಾನೇ ಬರ್ತಾಳೆ. ಇಷ್ಟೆಲ್ಲ ಮಾಡಿ ಇಲ್ಲ ಅಂತಾಳಂತೆ, ಇಲ್ಲ."

ಆಕೆ ಮೇಜಿನ ಮೇಲೆ ಬಿದ್ದಿದ್ದ ಹಾಳೆಗಳನ್ನು ನೋಡುತ್ತ ಕೂತಳು. ಡಬ್ಬಿಗಳ ದುಂಡನೆಯ ಗುರುತು ಬಿದ್ದ ಹಾಳೆಗಳು. ತನ್ನದೇ ಮನೆಯ ಕಪಾಟಿನಲ್ಲಿ ಸಕ್ಕರೆ ಡಬ್ಬಿಯ ಕೆಳಗೆ ಇಷ್ಟು ಬರವಣಿಗೆ ಬಿದ್ದಿತ್ತು, ಗೊತ್ತೇ ಇರಲಿಲ್ಲ. ಎದೆ ಒಂದು ಸಲ ಜೋರಾಗಿ ಬಡಿದುಕೊಂಡಿತು. ಬಸ್ಸು ಹೊರಟುಬಿಟ್ಟಿತು ಎಂದುಕೊಂಡು ಓಡಿ ಬಂದಾಗ ಅದು ಇನ್ನೂ ನಿಂತಿರುವುದು ಕಂಡರೆ ಬಡಿದುಕೊಳ್ಳುವ ಹಾಗೆ.

ಹಾಗಾದರೆ ಪಾಳಿ ಪುಸ್ತಕ?

ಮಂಗಳವಾರ ಊಟದ ಬಿಡುವಿನಲ್ಲಿ ಬುತ್ತಿ ಬಿಚ್ಚದೆ ಸ್ಟೋರಿಗೆ ಓಡಿದಳು. ಸ್ಟೋರು ನೋಡಿಕೊಳ್ಳುವ ತಾತ ಸೋಪಿನ ಪುಡಿಯ ಮೂಟೆಗೆ ಒರಗಿ ಕೂತಿದ್ದ.

"ತಾತ, ಹಳೇ ಪಾಳಿ ಪುಸ್ತಕ ಎಲ್ಲಿವೆ?"

"ಅಟ್ಟದ ಮೇಲೆ, ಎಡಗಡೆ. ಯಾಕೆ, ಬರೆದದ್ದು ಸಾಲದು ಅಂತ ಈಗ ಓದ್ತೀಯಾ?"

"ಕೆಳಗೆ ಇಳಿಸ್ಲಾ?"

"ಇಳಿಸು. ಹೊರಗೆ ಒಯ್ಯೋ ಹಾಗಿಲ್ಲ. ಧೂಳು ನಿಂದು, ಸೀನೂ ನಿಂದು."

ಹರಿದ ಚಾದರಗಳಲ್ಲಿ ಗಂಟು ಕಟ್ಟಿದ್ದ ಪುಸ್ತಕಗಳು. ಆಕೆ ಮೊದಲ ಗಂಟು ಬಿಚ್ಚಿದ್ದು ತನ್ನ ಪುಟ ಹುಡುಕಲು. ಆದರೆ ಕೈಗೆ ಬಂದದ್ದು ಆಕೆ ಕೆಲಸಕ್ಕೆ ಸೇರುವುದಕ್ಕೂ ಮುಂಚಿನ ಪುಸ್ತಕ. ಪುಟ ತಿರುಗಿಸಿದರೆ ಎಲ್ಲ ಸರಿ, ಎಲ್ಲ ಸರಿ, ಎಲ್ಲ ಸರಿ. ಬರೆಯುವ ಕಷ್ಟವೂ ಬೇಡವೆಂದು ಅದರ ಕೆಳಗೆ ಎರಡೆರಡು ಗೀಟು ಎಳೆದವರೂ ಇದ್ದರು. ಹತ್ತು ದಿನ ಗೀಟು, ಹನ್ನೊಂದನೆಯ ದಿನ ಬೆಂಕಿ ಬಿದ್ದ ಸುದ್ದಿ, ಹನ್ನೆರಡನೆಯ ದಿನ ಮತ್ತೆ ಗೀಟು. ಆಕೆಗೆ ಸಿಟ್ಟು ಬಂತು, ನಗುವೂ ಬಂತು.

ಆ ಗೀಟುಗಳ ನಡುವೆ ಒಬ್ಬ ಸಿಕ್ಕಿದ. ಬಾಯ್ಲರಿನವನಿರಬೇಕು, ಅಕ್ಷರ ಬಲಕ್ಕೆ ವಾಲಿತ್ತು. ಪ್ರತಿ ದಿನವೂ ಒಂದೇ ಬಗೆಯಲ್ಲಿ ಶುರು ಮಾಡುತ್ತಿದ್ದ: "ತಮ್ಮಾ, ನೀನು ಒಳಗೆ ಬಂದ ಕೂಡಲೇ ಮೊದಲು ಹಬೆಯ ಮುಳ್ಳು ನೋಡು, ಆಮೇಲೆ ಚಪ್ಪಲಿ ಬಿಡು." ಮುಂದಿನ ಪಾಳಿಯ ಆ ಒಬ್ಬನೇ ತಮ್ಮನಿಗೆ ಬರೆಯುತ್ತಿದ್ದ. ಸಂಬಂಧಪಟ್ಟ ನೌಕರರಿಗೆ ಅಲ್ಲ. ತಮ್ಮ ಎಷ್ಟು ಎತ್ತರ, ಬಾಗಿಲಲ್ಲಿ ಏನು ಮಾಡುತ್ತಾನೆ ಎಂಬುದೂ ಅವನಿಗೆ ಗೊತ್ತಿತ್ತು. ಓದುತ್ತ ಆಕೆಗೆ ತನ್ನನ್ನೇ ಯಾರೋ ಕರೆದಂತಾಗಿ ಹಿಂದೆ ತಿರುಗಿ ನೋಡಿದಳು. ತಾತ ಗೊರಕೆ ಹೊಡೆಯುತ್ತಿದ್ದ.

ಬುಧವಾರ ಇನ್ನೊಬ್ಬ ಸಿಕ್ಕಿದ, ಮೆಕ್ಯಾನಿಕ್ಕು. ಇವನಿಗೆ ಪ್ರೀತಿ ಗೀತಿ ಏನಿಲ್ಲ. "ಮುಟ್ಟಬೇಡ. ಕಾರಣ ಕೆಳಗಿದೆ," ಎಂದು ಮೊದಲ ಸಾಲು. ಕಾರಣ ನಾಲ್ಕು ಸಾಲು ಕೆಳಗೆ, ಸಣ್ಣ ಅಕ್ಷರದಲ್ಲಿ. ಆಕೆ ಆ ಪುಟವನ್ನು ಮೂರು ಸಲ ಓದಿದಳು. ಕಾರಣ ಓದದೆ ಓಡಿಹೋದವನೂ ಬದುಕಿಕೊಳ್ಳುತ್ತಾನೆ ಎಂಬುದು ಮೂರನೆಯ ಸಲಕ್ಕೆ ಹೊಳೆಯಿತು. ಎಂಥ ಜಾಣ, ಎಂದು ಮನಸ್ಸಿನಲ್ಲೇ ಬೆನ್ನು ತಟ್ಟಿದಳು. ಚಾದರ ಎಣಿಸುವ ಚೀಟಿಯ ಹಿಂಬದಿಯಲ್ಲಿ ಅದನ್ನು ನಕಲು ಮಾಡಿಕೊಂಡಳು. ಬುತ್ತಿ ಎರಡು ದಿನದಿಂದ ಹಾಗೇ ಮನೆಗೆ ವಾಪಸು ಹೋಗುತ್ತಿತ್ತು.

ಆಮೇಲೆ ದೊಡ್ಡಮ್ಮ. ಅವಳ ಅಕ್ಷರವನ್ನು ಆಕೆ ಕಂಡ ಕೂಡಲೇ ಗುರುತಿಸಿದಳು. ಆಕೆಗೆ ರೋಲರು ಕಲಿಸಿದವಳೇ ದೊಡ್ಡಮ್ಮ. ನಲವತ್ತು ದಾಟಿದ ಮೇಲೆ ಅಕ್ಷರ ಕಲಿತವಳು, ಒಂದೊಂದು ಅಕ್ಷರವೂ ದಿಂಬಿನಷ್ಟು ದೊಡ್ಡದು. ಅವಳಿಗೆ ಯಂತ್ರದ ಭಾಗಗಳ ಹೆಸರು ಬರುತ್ತಿರಲಿಲ್ಲ. ಆದ್ದರಿಂದ ಕೇಳಿಸಿದ್ದನ್ನು ಬರೆದಿದ್ದಳು: "ಎಡಗಡೆ ಒಳಗೆ ಮುದುಕಿ ಕೆಮ್ಮಿದ ಹಾಗೆ ಎರಡು ಸಲ ಆಯಿತು. ಮೂರನೇ ಸಲ ಕೆಮ್ಮಿದರೆ ನಿಲ್ಲಿಸು, ಮೇಸ್ತ್ರಿಯನ್ನು ಕರಿ." ಹೆಸರು ಗೊತ್ತಿಲ್ಲದ ಹೊಸಬನಿಗೂ ಕೆಮ್ಮು ಗೊತ್ತು.

ಇವರೆಲ್ಲ ಬರೆಯುವವರು. ಸೋಪಿನ ವಾಸನೆಯ ಆ ಸ್ಟೋರಿನಲ್ಲಿ ಆಕೆಗೆ ಅದು ಥಟ್ಟನೆ ತಿಳಿಯಿತು. ಯಾರೂ ಅಚ್ಚಾಗಿರಲಿಲ್ಲ, ಯಾರ ಹೆಸರೂ ಪುಸ್ತಕದ ಮೇಲೆ ಇರಲಿಲ್ಲ, ಆದರೂ ಇವರ ಸಾಲುಗಳನ್ನು ಓದಿ ಎಷ್ಟೋ ಕೈಗಳು ಉಳಿದಿದ್ದವು.

ಬುಧವಾರ ಪಾಳಿ ಮುಗಿಯುವಾಗಲೇ ಪ್ರಯೋಗ ಶುರುವಾಯಿತು. ಪಾಳಿ ಪುಸ್ತಕದಲ್ಲಿ ಆಕೆ ಬರೆದಳು: "ತಂಗಿ, ಮೊದಲು ಮೂರನೇ ಬೆಲ್ಟು ನೋಡು. ಅಂಚು ಹರಿದಿದೆ, ಬೆರಳು ಸಿಕ್ಕಿಕೊಳ್ಳಬಹುದು. ಉಳಿದದ್ದು ಸರಿ." ಮುಗಿಯಿತು. ಹೆಡ್ ಕ್ಲರ್ಕು ಸಹಿ ಹಾಕಲು ಬಂದವರು ಪುಸ್ತಕ ನೋಡಿ, ಆಕೆಯ ಮುಖ ನೋಡಿ, "ಏನಮ್ಮಾ, ಇವತ್ತು ಪುರಾಣ ಇಷ್ಟಕ್ಕೇ ಮಂಗಳ ಹಾಡ್ತು. ಮೈಗೆ ಹುಷಾರಿಲ್ವಾ?" ಅಂದರು.

"ಈಗ ಹುಷಾರಾಗ್ತಿದೀನಿ ಸಾರ್."

ಅರ್ಧ ಗಂಟೆಯಲ್ಲಿ ಮಧ್ಯಾಹ್ನದ ಪಾಳಿಯವರು ಬೆಲ್ಟು ಬದಲಿಸಿದರು. ಹದಿನೇಳು ವರ್ಷದಲ್ಲಿ ಬರೆದ ದಿನವೇ ಕೆಲಸವಾದದ್ದು ಅದೇ ಮೊದಲು. ಬಸ್ಸಿನಲ್ಲಿ ಆಕೆ ನಿಂತುಕೊಂಡೇ ಬಂದಳು, ಸೀಟು ಖಾಲಿ ಇದ್ದರೂ.

ಗುರುವಾರ ತನ್ನ ಪುಟಗಳನ್ನು ಹುಡುಕಿದಳು. ಅರ್ಜಿಗೆ ಎರಡು ಒಳ್ಳೆಯ ಪುಟ ಸಿಕ್ಕರೆ ಸಾಕು ಎಂದು ಈಗಿನ ಪುಸ್ತಕವನ್ನೇ ಹಿಂದಿನಿಂದ ತಿರುಗಿಸುತ್ತ ಹೋದಳು. ಒಂದು ಕಡೆ ಬೆರಳು ನಿಂತಿತು. ಗುಬ್ಬಿಯ ಕೈ ಸುಟ್ಟ ದಿನ. ಆ ದಿನ ಬೆಳಗಿನ ಪಾಳಿ ತನ್ನದೇ. ಪುಟದಲ್ಲಿ ಹನ್ನೊಂದು ಸಾಲು. ಮೊದಲ ಸಾಲಿನಲ್ಲಿ ಹೋಟೆಲಿನ ಬಾಚಣಿಗೆ. ಎರಡರಿಂದ ಐದರವರೆಗೆ ಕಲೆ ಹೋಗದ ಚಾದರಗಳ ಸಂಗತಿ. ಆರರಿಂದ ಹತ್ತು, ಹೊಸ ಸೋಪಿನ ಪುಡಿ ಚೆನ್ನಾಗಿಲ್ಲ ಎಂಬ ದೂರು. ಹನ್ನೊಂದನೆಯ ಸಾಲು: "ಹಾಗೂ ಬಲಗಡೆಯ ಕೆಂಪು ಪಟ್ಟಿ ಒಂದು ಸಲ ಒತ್ತಿದರೆ ನಿಲ್ಲುತ್ತಿಲ್ಲ, ಎರಡು ಸಲ ಒತ್ತಬೇಕು."

ಅದರ ಕೆಳಗೆ ಹೆಡ್ ಕ್ಲರ್ಕಿನ ಸಹಿ. ಸಹಿಯ ಪಕ್ಕದಲ್ಲಿ "ನೋಡಿದೆ."

ಆಕೆ ಆ ಸಾಲನ್ನು ಮತ್ತೆ ಓದಿದಳು. ಗಾಯವಾದ ಮರುದಿನ ಈಗಿನ ಮೆಕ್ಯಾನಿಕ್ಕು ಬಂದು ಆ ಪಟ್ಟಿಯನ್ನು ಹತ್ತೇ ನಿಮಿಷದಲ್ಲಿ ಸರಿ ಮಾಡಿದ್ದ. ಹತ್ತು ನಿಮಿಷದ ಕೆಲಸ. ಸಹಿ ಹಾಕಿದವರು ಓದಲಿಲ್ಲ, ಅದು ಅವರ ಪಾಪ. ಆದರೆ ಬಾಚಣಿಗೆಯನ್ನು ಮೇಲಿಟ್ಟು ಬೆರಳನ್ನು ತಳಕ್ಕೆ ತಳ್ಳಿದವಳು ತಾನು. ಆ ಸಹಿಯ ಹಿಂದೆ ಅಡಗಿಕೊಳ್ಳಲು ಆಕೆಯ ಮನಸ್ಸು ಒಪ್ಪಲಿಲ್ಲ.

ಪುಸ್ತಕ ಎತ್ತಿಕೊಂಡು ನೇರ ಗುಬ್ಬಿಯ ಹತ್ತಿರ ಹೋದಳು. ಸುತ್ತಿ ಬಳಸದೆ ತೋರಿಸಿದಳು.

"ನೋಡು. ನಂಗೆ ಗೊತ್ತಿತ್ತು. ಬರೆದೂ ಇದ್ದೆ. ಹನ್ನೊಂದನೇ ಸಾಲಲ್ಲಿ."

ಗುಬ್ಬಿ ಓದಿದಳು. ತುಟಿ ಅಲುಗುತ್ತಿತ್ತು. ಓದಿ ಮುಗಿಸಲು ಬಹಳ ಹೊತ್ತು ಹಿಡಿಯಿತು.

"ಅಕ್ಕ, ನಾನು ಎರಡು ಸಾಲಿಗಿಂತ ಜಾಸ್ತಿ ಓದೋಳಲ್ಲ," ಅಂದಳು ಕೊನೆಗೆ. "ನಿಮ್ಮ ಪುಟ ಕಂಡ್ರೆ ಎಲ್ಲರೂ ನಗ್ತಿದ್ರು, ನಾನೂ ನಗ್ತಿದ್ದೆ. ಬಂದ ತಕ್ಷಣ ರೋಲರಿಗೆ ಹೋಗು ಅಂತಾರೆ. ಓದ್ತಾ ನಿಂತ್ರೆ ಬೈತಾರೆ."

"ನನ್ನ ಮೇಲೆ ಸಿಟ್ಟಿಲ್ವಾ?"

"ಇದೆ." ಗುಬ್ಬಿ ದಿಂಬಿನ ಚೀಲ ಒಂದನ್ನು ಎಣಿಕೆಯ ರಾಶಿಗೆ ಹಾಕಿದಳು. "ಇವತ್ತು ಬಂತು. ಮೂರು ವಾರದಿಂದ ನನ್ನ ಮೇಲೇ ಇತ್ತು. ಈಗ ಸ್ವಲ್ಪ ಹಂಚಿಹೋಯ್ತು." ಆಮೇಲೆ, ತಲೆ ಎತ್ತದೆ, "ಆ ಬೋರ್ಡು ನೀವೇ ಬರೀರಿ. ಅವ್ರಿಗೆ ಬಿಡ್ಬೇಡಿ," ಅಂದಳು.

ಶುಕ್ರವಾರ ನಾಲ್ಕೂವರೆಗೆ ಆಕೆ ಅರ್ಜಿ ಕೊಡಲು ಆಫೀಸಿಗೆ ಹೋದಳು. "ಇಲ್ಲ" ಎಂಬುದನ್ನು ಹೊಡೆದುಹಾಕಿ, ಆ ಚೌಕ ಸಾಲದೆ ಅಂಚಿನಲ್ಲೂ ಬರೆದಿದ್ದಳು. ಹೆಡ್ ಕ್ಲರ್ಕು ಕನ್ನಡಕ ಏರಿಸಿ ಗಟ್ಟಿಯಾಗಿ ಓದಿದರು, ಪಕ್ಕದ ಮೇಜಿನವರಿಗೂ ಕೇಳಲಿ ಎಂದು.

"'ಹದಿನೇಳು ವರ್ಷ. ಪುರಾವೆ ಸ್ಟೋರಿನ ಅಟ್ಟದ ಮೇಲೆ, ಎಡಗಡೆ ಇದೆ. ಮನೆಯಲ್ಲಿ ಗಂಡನಿಗೆ ಬರೆದವು, ಮನೆ ಮಾಲೀಕರಿಗೆ ಬರೆದದ್ದು ಬೇರೆ.' ಗಂಡನಿಗೆ ಬರೆದದ್ದೂ ಅನುಭವಾನಾ? ಹಾಗಾದ್ರೆ ನಮ್ಮ ಮನೆಯೋಳು ತರಕಾರಿ ಪಟ್ಟಿ ಬರೀತಾಳೆ, ಅವಳಿಗೂ ಒಂದು ಫಾರಂ ಒಯ್ಲಾ?"

"ಒಯ್ಯಿರಿ ಸಾರ್. ಅವ್ರು ಬರೆದದ್ದನ್ನ ನೀವು ಓದಿ ತರ್ತೀರಲ್ಲ. ಅಷ್ಟಾದ್ರೂ ಆಗ್ತಿದೆ."

ಪಕ್ಕದ ಮೇಜಿನವರು ಕೆಮ್ಮಿದಂತೆ ನಕ್ಕರು. ಹೆಡ್ ಕ್ಲರ್ಕು ಮುಂದಿನದನ್ನು ಓದಲು ಹೋಗಿ ದನಿ ತಗ್ಗಿಸಿದರು. ಅಲ್ಲಿ ಹೀಗಿತ್ತು: "ಒಂದು ತಪ್ಪು ಮಾಡಿದ್ದೇನೆ. ಗಾಯವಾದ ದಿನದ ಪುಟ, ಹನ್ನೊಂದನೆಯ ಸಾಲು. ಮೊದಲು ಬರೆಯಬೇಕಾದ್ದನ್ನು ಕೊನೆಗೆ ಬರೆದೆ. ಇನ್ನೊಮ್ಮೆ ಮಾಡುವುದಿಲ್ಲ."

"ಇದನ್ನ ಯಾಕೆ ಬರೆದೆ?" ಅವರು ಮೆಲ್ಲಗೆ ಕೇಳಿದರು.

"ಅದೂ ಅನುಭವಾನೇ ಸಾರ್. ಹನ್ನೆರಡನೇ ಸಾಲು ನಿಮ್ಮದಿದೆ. ಅದನ್ನ ನಾನು ಬರೆದಿಲ್ಲ. ಬೇಕಾದ್ರೆ ನೀವು ನಿಮ್ಮ ಅರ್ಜಿಯಲ್ಲಿ ಬರ್ಕೊಳ್ಳಿ."

ಫಾರಂ ಮ್ಯಾನೇಜರ ಮೇಜಿಗೆ ಹೋಯಿತು. ಹೆಡ್ ಕ್ಲರ್ಕಿನದೂ ಹೋಯಿತು. ಇಬ್ಬರೇ ಅರ್ಜಿ ಹಾಕಿದ್ದರು. ಮ್ಯಾನೇಜರು ಕೆಟ್ಟವರಲ್ಲ, ಆದರೆ ತಲೆನೋವಿನ ಮನುಷ್ಯ. ಯಾವುದನ್ನೂ ತೀರ್ಮಾನ ಮಾಡಲು ಆಗದೆ, ಇಬ್ಬರೂ ನಾಳೆ ಒಂದೊಂದು ಪುಟ ಬರೆದು ತನ್ನಿ, ಸೋಮವಾರ ಸೇರಬೇಕಾದ ಹೊಸ ಆಳನ್ನು ನಾಳೆಯೇ ಕರೆಸುತ್ತೇನೆ, ಅವನು ಓದಿ ರೋಲರು ನಡೆಸಲಿ, ರೋಲರು ಬಿಸಿಯಾಗದ ಹಾಗೆ ಹಬೆ ಬಂದ್ ಮಾಡಿಸಿರುತ್ತೇನೆ, ಅಂದರು.

ಆ ಸಂಜೆ ಮನೆಯಲ್ಲಿ ಆಕೆ ಆರು ಹಾಳೆ ಹರಿದಳು. ಬಾಯ್ಲರಿನವನಿಂದ ತಮ್ಮಾ ಎಂಬ ಕರೆಯನ್ನು ತೆಗೆದುಕೊಂಡಳು. ಮೆಕ್ಯಾನಿಕ್ಕಿನಿಂದ ಮೊದಲ ಸಾಲಿನ ಜಾಣತನ. ದೊಡ್ಡಮ್ಮನಿಂದ ಕಿವಿ. ಬರೆದದ್ದನ್ನು ಗಟ್ಟಿಯಾಗಿ ಅತ್ತೆಗೆ ಓದಿದಳು. ಅತ್ತೆ ಒಂದು ದಿನವೂ ಲಾಂಡ್ರಿ ಕಂಡವರಲ್ಲ, ಅರ್ಥವಾಗದ ಕಡೆಯಲ್ಲೆಲ್ಲ "ಹಾಂ?" ಅಂದರು. ಹಾಂ ಅಂದಲ್ಲೆಲ್ಲ ಆಕೆ ಹೊಡೆದುಹಾಕಿ ಮತ್ತೆ ಬರೆದಳು. ಏಳನೆಯ ಹಾಳೆಗೆ ಹಾಂ ನಿಂತಿತು. ಬಾಗಿಲ ಚಿಲಕಕ್ಕೆ ಗಂಡನಿಗೊಂದು ಚೀಟಿ ಸಿಕ್ಕಿಸಿದಳು: "ನಾಳೆ ನನಗೆ ಪರೀಕ್ಷೆ. ಎಬ್ಬಿಸಬೇಡಿ. ನಿದ್ದೆ ಬಂದಿರುವುದಿಲ್ಲ."

ಶನಿವಾರ ಹತ್ತು ಗಂಟೆಗೆ ರೋಲರಿನ ಸುತ್ತ ಜನ. ಹೊಸ ಆಳು ಐವತ್ತು ದಾಟಿದ ಮನುಷ್ಯ, ಮೊದಲು ಬಸ್ಸಿನಲ್ಲಿ ಕಂಡಕ್ಟರಾಗಿದ್ದವನು. ಬಂದ ಹತ್ತೇ ನಿಮಿಷದಲ್ಲಿ ಅವನ ಹೆಸರು ಕಂಡಕ್ಟರ್ ಎಂದೇ ಆಗಿತ್ತು.

ಮೊದಲು ಹೆಡ್ ಕ್ಲರ್ಕಿನ ಪುಟ. ಕಂಡಕ್ಟರ್ ಕನ್ನಡಕ ಹಾಕಿ, ಸ್ಟಾಪಿನ ಹೆಸರು ಕೂಗುವ ದನಿಯಲ್ಲಿ ಓದಿದ: "'ಪೂರ್ವಭಾವಿ ಪರಿಶೀಲನೆಯ ತರುವಾಯ ಚಾಲನೆ ನೀಡುವುದು.'" ಸುತ್ತ ನೋಡಿದ. ಎಡಗಡೆ ನಿಂತಿದ್ದ ಹೆಂಗಸಿನ ಕಡೆ ತಿರುಗಿ, "ಅಮ್ಮಾ, ಈ ತರುವಾಯ ಅನ್ನೋ ಸ್ವಿಚ್ಚು ಎಲ್ಲಿದೆ?" ಅಂದ. ಮ್ಯಾನೇಜರು ಹಣೆ ಒತ್ತಿಕೊಂಡರು.

ಆಮೇಲೆ ಪುರಾಣದಕ್ಕನ ಪುಟ. "'ತಮ್ಮಾ, ಯಾವುದನ್ನೂ ಮುಟ್ಟುವ ಮೊದಲು ಕೆಂಪು ಪಟ್ಟಿಯನ್ನು ಅಂಗೈಯಿಂದ ಒಂದು ಸಲ ತಳ್ಳು. ಯಂತ್ರ ನಿಲ್ಲಬೇಕು. ನಿಲ್ಲದಿದ್ದರೆ ಇವತ್ತು ಕೆಲಸ ಇಲ್ಲ, ಮೇಸ್ತ್ರಿಯನ್ನು ಕರಿ.'" ಕಂಡಕ್ಟರ್ ಓಡುತ್ತಿದ್ದ ರೋಲರಿನ ಪಟ್ಟಿ ತಳ್ಳಿದ. ನಿಂತಿತು. ಅವನ ಮುಖ ಅರಳಿತು. "'ಹಸಿರು ಗುಂಡಿ ಒತ್ತು. ಒದ್ದೆ ಬಟ್ಟೆ ಒಗೆಯುವ ಸದ್ದು ಬಂದರೆ ಸರಿ. ಹಲ್ಲು ಕಡಿಯುವ ಸದ್ದು ಬಂದರೆ ನಿಲ್ಲಿಸು.'" ಒತ್ತಿದ, ಕಿವಿಯಾನಿಸಿದ, ತಲೆ ಆಡಿಸಿದ. ಅವನು ಒಂದೊಂದು ಸಾಲು ದಾಟಿದಾಗಲೂ ಆಕೆಯ ಎದೆ ಮೇಲಕ್ಕೆ ಹಾರುತ್ತಿತ್ತು. ತನ್ನ ಮಾತು ಇನ್ನೊಬ್ಬನ ಕೈಯೊಳಗೆ ಹೊಕ್ಕು ಕೆಲಸ ಮಾಡುತ್ತಿತ್ತು, ಕಣ್ಣೆದುರಿಗೇ.

"'ಚಾದರದ ಮೂಲೆ ಹಿಡಿದು ಬೆಲ್ಟಿನ ಮೇಲೆ ನೇರವಾಗಿ ಇಡು.'"

ಕಂಡಕ್ಟರ್ ಇಟ್ಟ. ಚಾದರ ಸ್ವಲ್ಪ ಸೊಟ್ಟಗಾಯಿತು. ಅವನು ಮೂಲೆಯನ್ನು ಬಿಗಿಯಾಗಿ ಹಿಡಿದು ನೇರ ಮಾಡತೊಡಗಿದ. ಬೆಲ್ಟು ಓಡುತ್ತಿತ್ತು. ಕೈ ಚಾದರದ ಜೊತೆಗೇ ಹೋಗುತ್ತಿತ್ತು.

ಆಕೆ ಹಾರಿ ಕೆಂಪು ಪಟ್ಟಿ ತಳ್ಳಿದಳು. ಯಂತ್ರ ನಿಂತಿತು. ಕಂಡಕ್ಟರ್‌ನ ಬೆರಳಿಗೂ ರೋಲರಿಗೂ ನಡುವೆ ಒಂದು ಗೇಣು.

ಹೆಡ್ ಕ್ಲರ್ಕು ಗಂಟಲು ಸರಿ ಮಾಡಿಕೊಂಡು, "ಪುರಾಣದಲ್ಲಿ ಒಂದು ಅಧ್ಯಾಯ ಬಿಟ್ಟುಹೋಗಿದೆ ಅನ್ಸುತ್ತೆ," ಅಂದರು.

"ಬಿಟ್ಟುಹೋಗಿದೆ," ಆಕೆ ಅಂದಳು. ತನ್ನ ಎರಡು ಕೈಗಳನ್ನೇ ನೋಡುತ್ತಿದ್ದಳು. ಹದಿನೇಳು ವರ್ಷ ಈ ಕೈಗಳು ಬೆಲ್ಟು ಚಾದರವನ್ನು ಹಿಡಿದ ಕ್ಷಣವೇ ಬಿಟ್ಟುಬಿಡುತ್ತಿದ್ದವು. ಆಕೆಗೆ ತಿಳಿಯದ ಹಾಗೆ. ಕೈಗೆ ಗೊತ್ತಿದ್ದದ್ದು ಬಾಯಿಗೆ ಬಂದಿರಲಿಲ್ಲ. ಬಾಯಿಗೆ ಬಾರದ್ದು ಕಾಗದಕ್ಕೆ ಹೇಗೆ ಬರಬೇಕು? "ಯಾಕೆ ಹಿಡ್ಕೊಂಡ್ರಿ?" ಎಂದು ಕಂಡಕ್ಟರ್‌ನನ್ನು ಕೇಳಿದಳು.

"ಸೊಟ್ಟ ಹೋಗ್ತಿತ್ತಲ್ಲಮ್ಮ. ಸುಕ್ಕಾದ್ರೆ ಮೊದಲನೇ ದಿನಾನೇ ಬೈಸ್ಕೋಬೇಕಲ್ಲ."

ಹಿಂದಿನಿಂದ ಗುಬ್ಬಿಯ ದನಿ ಬಂತು. "ನಾನೂ ಅದಕ್ಕೇ ಹಿಡ್ಕೊಂಡಿದ್ದೆ." ಅವಳು ದಿಂಬಿನ ಚೀಲಗಳನ್ನು ಬಿಟ್ಟು ಎದ್ದು ಬಂದಿದ್ದಳು. "ಬಿಡು ಅಂತ ನಂಗೆ ಯಾರೂ ಹೇಳ್ಲಿಲ್ಲ."

ಪುರಾಣದಕ್ಕ ಕಂಡಕ್ಟರ್‌ನ ಕೈಯಿಂದ ಪುಟ ತೆಗೆದುಕೊಂಡಳು. ನಿಂತ ಯಂತ್ರದ ಮೇಲೆಯೇ ಅದನ್ನಿಟ್ಟು, ಪುಟದ ಮೇಲ್ಭಾಗದಲ್ಲಿ ಜಾಗ ಇದ್ದಲ್ಲಿ, ದೊಡ್ಡಮ್ಮನ ಹಾಗೆ ದಿಂಬಿನಷ್ಟು ದೊಡ್ಡ ಅಕ್ಷರದಲ್ಲಿ ಬರೆದಳು: "ಬೆಲ್ಟು ಚಾದರ ಹಿಡಿದ ಕೂಡಲೇ ನೀನು ಬಿಡು. ಸುಕ್ಕಾದರೂ ಬಿಡು. ಸುಕ್ಕಾದ ಚಾದರವನ್ನು ಇನ್ನೊಮ್ಮೆ ಹಾಕಬಹುದು."

ಕಂಡಕ್ಟರ್ ಓದಿ, ಹಸಿರು ಗುಂಡಿ ಒತ್ತಿದ. ಚಾದರ ಇಟ್ಟ. ಬಿಟ್ಟ. ಅದು ಸೊಟ್ಟಗೆ ಹೋಗಿ ಆಚೆ ಬದಿಯಲ್ಲಿ ಸುಕ್ಕಾಗಿ ಬಂತು. ಅವನು ತನ್ನ ಹತ್ತು ಬೆರಳನ್ನೂ ಎತ್ತಿ, ಟಿಕೆಟು ಎಣಿಸಿದ ಹಾಗೆ ಎಣಿಸಿ, "ಪೂರ್ತಿ ಇವೆ ಸಾರ್," ಅಂದ.

ಮ್ಯಾನೇಜರು ಪುಟ ಕೈಗೆತ್ತಿಕೊಂಡರು. "ಎಲ್ಲ ಚೆನ್ನಾಗಿದೆ. ಆದ್ರೆ ಈ ಸುಕ್ಕಾದರೂ ಬಿಡು ಅನ್ನೋದು ತೆಗಿ. ಹಾಗೆ ಬರೆದು ಗೋಡೆಗೆ ಹಾಕಿದ್ರೆ ಎಲ್ಲರೂ ಸುಕ್ಕು ಮಾಡ್ಕೊಂಡೇ ಕೂತ್ಕೋತಾರೆ. ಹೋಟೆಲಿನೋರು ನನ್ನ ತಲೆ ತಿಂತಾರೆ."

"ಅದನ್ನ ತೆಗೆದ್ರೆ ಪುಟಾನೇ ತೆಗೀರಿ ಸಾರ್."

"ಹಟ ಮಾಡ್ಬೇಡಮ್ಮ. ಕೆಲಸ ನಿನಗೇ ಕೊಡ್ತಾ ಇದೀನಿ. ಒಂದೇ ಒಂದು ಮಾತು."

"ಆ ಒಂದು ಮಾತಿಗೇ ಸಾರ್ ಇಬ್ರೂ ಹಿಡ್ಕೊಂಡಿದ್ದು. ಇವಳ ಕೈ ನೋಡಿ. ಬಿಸಿಗಿಂತ ಬೈಗುಳಕ್ಕೆ ಹೆಚ್ಚು ಹೆದರಿದ ಕೈ ಇದು. ಬೈಯಲ್ಲ ಅಂತ ಬೋರ್ಡಲ್ಲಿ ಇಲ್ದಿದ್ರೆ ಯಾರೂ ಬಿಡಲ್ಲ. ನಂಗೆ ಕೆಲಸ ಬೇಡ, ಅವ್ರೇ ಬರೀಲಿ. ಆದ್ರೆ ಆ ಸಾಲಿಲ್ಲದೆ ನಾನು ಬರೆಯಲ್ಲ."

ಹೇಳಿ ಮುಗಿಸಿದ ಮೇಲೆ ಆಕೆಗೇ ಗಾಬರಿಯಾಯಿತು. ಬೇಕು ಬೇಕು ಎಂದು ಆರು ಹಾಳೆ ಹರಿದು ಪಡೆದದ್ದನ್ನು ಒಂದೇ ಉಸಿರಿನಲ್ಲಿ ಕೆಳಗೆ ಹಾಕಿಬಿಟ್ಟಿದ್ದಳು. ಗುಬ್ಬಿ ಬ್ಯಾಂಡೇಜಿನ ಕೈಯನ್ನು ಮ್ಯಾನೇಜರ ಕೈಯಲ್ಲಿದ್ದ ಆ ಪುಟದ ಪಕ್ಕದಲ್ಲಿ ಹಿಡಿದಳು. ಮ್ಯಾನೇಜರು ಕೈ ನೋಡಿದರು, ಪುಟ ನೋಡಿದರು, ಆಚೆ ಬದಿಯಲ್ಲಿ ಬಿದ್ದಿದ್ದ ಸುಕ್ಕಿನ ಚಾದರ ನೋಡಿದರು. ಅದನ್ನು ಎತ್ತಿ ಕೊಡವಿದರು. ಮತ್ತೊಮ್ಮೆ ಹಾಕಿದರೆ ಸರಿಹೋಗುವ ಚಾದರ.

"ಆಯ್ತು," ಅಂದರು. "ಇರ್ಲಿ ಆ ಸಾಲು. ಆದ್ರೆ ಎಲ್ಲಕ್ಕಿಂತ ಮೇಲೆ, ಮೊದಲನೇ ಸಾಲಲ್ಲೇ ಬೇಕಾ? ಕೆಳಗೆಲ್ಲಾದ್ರೂ ಹಾಕೋಕಾಗಲ್ವಾ?"

"ಹನ್ನೊಂದನೇ ಸಾಲಲ್ಲಿ ಬರೆದು ನೋಡಿದೀನಿ ಸಾರ್."

ಹೆಡ್ ಕ್ಲರ್ಕು ತಮ್ಮ ಪುಟವನ್ನು ಮಡಚಿ ಜೇಬಿಗಿಟ್ಟುಕೊಂಡರು. ಹಳೆಯ ಬೋರ್ಡನ್ನು ಇಳಿಸಲು ಕಂಡಕ್ಟರ್ ಆಗಲೇ ಸ್ಟೂಲು ಹತ್ತಿದ್ದ.